ಸೀಟಿನ ಕೆಳಗಿನ ಕೆಸರು

ಅಪ್ಪಾ,

ನೀನು ಸತ್ತರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ.

ಹೊಸ ಗಾಡಿ ಕೊಳ್ಳುವ ತಾಕತ್ತಿಲ್ಲವೆಂದು ಇವತ್ತು ನಿಪ್ಪಾಣಿಗೆ, ಸಾಹುಕಾರರು ಓಡಿಸಿ ಬಿಟ್ಟ ದೊಡ್ಡ ಎಸ್‌ಯುವಿಯೊಂದನ್ನು ನೋಡಲು ಅಣ್ಣನೊಂದಿಗೆ ಹೋಗಿದ್ದೆ. ಅವನು ಟೈರಿಗೆ ಒದ್ದು, "ಗಾಡಿ ಮಸ್ತ್ ಐತಿ, ತಗೋ" ಎಂದ. ನಾನು ಸೀಟಿನ ಕೆಳಗಿನ ಮ್ಯಾಟ್ ಎತ್ತಿದೆ. ಒಣಗಿದ ಹೊಳೆ ಕೆಸರು! ಮಹಾಪೂರದಲ್ಲಿ ಮುಳುಗೆದ್ದ ಗಾಡಿ ಇದು ಎಂದೆ. ಮಾರುವವನು ಅಣ್ಣನತ್ತ ತಿರುಗಿ, "ಹೆಣ್ಮಕ್ಕಳಿಗೇನ್ ತಿಳೀತೈತ್ರಿ?" ಎಂದ. ಅಣ್ಣ ನಕ್ಕ.

ನೀನೂ ಹೀಗೇ. ಎತ್ತು ಕೊಳ್ಳಲು ಅಥಣಿ ಸಂತೆಗೆ ನೀನು ಅಣ್ಣನನ್ನೇ ಕರೆದೊಯ್ಯುತ್ತಿದ್ದೆ. ತಂದ ಎತ್ತಿನ ಮೈ ತೊಳೆಯುತ್ತಿದ್ದವಳು ನಾನು. ಮಾರಿದವರು ಮುಚ್ಚಿಟ್ಟ ಹುಣ್ಣು ನನ್ನ ಕೈಗೇ ಸಿಗುತ್ತಿತ್ತು. ಹೇಳಲು ಬಂದರೆ, "ನಿನಗೇನ್ ತಿಳೀತೈತಿ, ಸುಮ್ನ ಕುಂಡ್ರ" ಎನ್ನುತ್ತಿದ್ದೆ.

ಗಾಡಿ ಬೇಡವೆಂದು ಬಂದೆ. ಉಗುರಿನಲ್ಲಿ ಆ ಕೆಸರು ಇನ್ನೂ ಇದೆ. ತೋರಿಸೋಣವೆಂದರೆ ನೀನೇ ಇಲ್ಲ.