ಮರಡಿಕೊಪ್ಪದ ತಳಗೆಸರು

ಮರಡಿಕೊಪ್ಪ, ಜಲಾಶಯದ ಪಡುವಣ ದಂಡೆ
ಮೂರನೆಯ ಹಸಿರಿನ ನಂತರದ ಒಂಬತ್ತನೆಯ ವರ್ಷ, ಬಾರದೆ ಹೋದ ಮಘಿ ಮಳೆಯ ಕೊನೆಯ ದಿನ
(ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೧೯೪ ಇರಬೇಕು)

ನಮಗಿಂತ ಮೊದಲು ಈ ನೀರು ಕುಡಿದವರಿಗೆ,

ಫಕೀರವ್ವ ಎಂಬ ನಾನು ಬರೆಯುವುದು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಮಾತು ಅಲ್ಲಲ್ಲಿ ತೊಡಕಾದರೆ, ನೀವು ಕೇಳರಿಯದ ಪದಗಳು ನಡುವೆ ಬಂದರೆ ಕ್ಷಮಿಸಬೇಕು. ಅವು ಹೆಸರಿಸುವ ಸಂಗತಿಗಳು ನಿಮ್ಮ ಕಾಲಕ್ಕೆ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಹೆಸರಿಡುವ ತುರ್ತು ನಿಮಗೆ ಬಂದಿರಲಿಲ್ಲ.

ಹಸಿರು ಎಂಬುದು ನಮ್ಮಲ್ಲಿ ಹೆದರಿಕೆಯ ಮಾತು. ತಲೆಮಾರಿಗೊಮ್ಮೆ ಎಂಬಂತೆ ಯಾವುದೋ ಸುಡುಬೇಸಿಗೆಯಲ್ಲಿ ಜಲಾಶಯದ ಮೇಲೆ ಪಾಚಿ ಕೆನೆಗಟ್ಟುತ್ತದೆ. ಅದನ್ನು ಹಸಿರುಕೆನೆ ಅನ್ನುತ್ತೇವೆ. ಅದು ಕಟ್ಟಿದ ನೀರು ಕುಡಿದ ಎಮ್ಮೆ ಎಷ್ಟೋ ಸಲ ಕೊಟ್ಟಿಗೆ ಮುಟ್ಟುವುದಿಲ್ಲ. ಮೇಲಿನಿಂದ ಕೊಚ್ಚಿ ಬರುವ ಮಣ್ಣು, ಗೊಬ್ಬರವೇ ಅದಕ್ಕೆ ಉಣಿಸು. ಅದು ಮತ್ತೆ ಬಾರದಿರಲೆಂದು ನಮ್ಮ ಮುತ್ತಜ್ಜಂದಿರು ಜಲಾಶಯಕ್ಕೆ ನೀರಿಳಿಸುವ ಇಳಿಜಾರನ್ನೆಲ್ಲ ಖಾಲಿ ಬಿಟ್ಟರು. ಅದು ಬಿಡುನೆಲ. ಅಲ್ಲಿ ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ, ದನ ಹೊಡೆಯುವಂತಿಲ್ಲ. ನಿಮ್ಮ ಕಾಲದ ಚಿತ್ರಗಳಲ್ಲಿ ಅದೇ ಇಳಿಜಾರನ್ನು ನೋಡಿದ್ದೇನೆ. ನೀರಿನ ಅಂಚಿನವರೆಗೂ ಕಬ್ಬು ಮತ್ತು ಗೋವಿನಜೋಳ, ದಿಬ್ಬದ ಮೇಲೆ ಕೋಳಿ ಫಾರ್ಮಿನ ಉದ್ದುದ್ದ ಶೆಡ್ಡುಗಳು, ಅದರಾಚೆ ಗುಡ್ಡ ಕಡಿದು ಮಾಡಿದ ಲೇಔಟು, ಅದರ ಚರಂಡಿ ನೇರ ಹಳ್ಳಕ್ಕೆ. ಚಿತ್ರದಲ್ಲಿ ನೀರು ನೀಲಿಯಾಗಿಯೇ ಇದೆ. ದಂಡೆಯ ಮೇಲೆ ಜನ ನಗುತ್ತ ನಿಂತಿದ್ದಾರೆ.

ನಮ್ಮ ದಿನಗಳು ಆ ನೀರಿನ ಸುತ್ತಲೇ ತಿರುಗುತ್ತವೆ. ಬೇಸಾಯವೆಲ್ಲ ಅಣೆಕಟ್ಟೆಯ ಕೆಳಗೆ. ಅಲ್ಲಿ ಬೆಳೆದದ್ದು ಎಲ್ಲರ ಹೊಟ್ಟೆಗೆ ಸಾಲದು. ಬಟ್ಟೆ ಒಗೆಯಲೂ ಕೆಳಗೇ ಇಳಿಯಬೇಕು. ಪಾತ್ರೆ ತಿಕ್ಕಿದ ಬೂದಿನೀರನ್ನು ಕೊಡದಲ್ಲಿ ಹೊತ್ತೊಯ್ದು ಕೆಳಗಿನ ಹೊಲಕ್ಕೆ ಸುರಿಯಬೇಕು. ಈ ಊರಿಗೆ ಬಂದ ಸೊಸೆ ಒಲೆ ಹಚ್ಚುವುದಕ್ಕಿಂತ ಮೊದಲು ಕಲಿಯುವುದು ಇದನ್ನು. ಮಳೆನೀರಿನ ತೊಟ್ಟಿಗಳು ಚಳಿಗಾಲ ದಾಟುವುದರೊಳಗೆ ತಳ ಕಾಣುತ್ತವೆ. ಆಮೇಲೆ ಜಲಾಶಯವೇ ಗತಿ.

ಇಂಥ ಊರಿಗೆ ಲೋಕಯ್ಯ, ದೇಯಿ ಎಂಬ ಗಂಡಹೆಂಡತಿ ಬಂದರು. ಕರಾವಳಿಯವರು. ಅವರ ಊರು ಸಮುದ್ರದಡಿ ಹೋಗಿ ಬಹಳ ಕಾಲವಾಗಿತ್ತು. ಊರಿಂದ ಊರಿಗೆ ಅಲೆದು ಸೋತಿದ್ದರು. ಊರಿನ ಹಿರಿತನ ಆಗ ನನ್ನ ಅಣ್ಣ ಮೈಲಾರಪ್ಪನದು. ಕೆಳಗೆ ಕೊಡಲು ಗೇಣು ನೆಲವಿರಲಿಲ್ಲ. ಅತ್ತಿಗೆ ನಾಗವ್ವನೇ ಹಟ ಹಿಡಿದು, "ಹಸಿದವರನ್ನ ಹೊಳ್ಳಿ ಕಳಸಬ್ಯಾಡ್ರಿ. ಬಿಡುನೆಲದ ಮ್ಯಾಲಿನ ಮೂಲಿ ಕೊಡ್ರಿ, ಎರಡು ಜೀವ ಬದುಕ್ಲಿ," ಎಂದಳು. ಅಣ್ಣ ಒಪ್ಪಿದ. ಅವರು ಅಲ್ಲಿ ಗುಡಿಸಲು ಹಾಕಿ ರಾಗಿ ಬಿತ್ತಿದರು. ದೇಯಿ ವಾರಕ್ಕೊಮ್ಮೆ ಇಳಿದುಬಂದು ಅತ್ತಿಗೆಯ ಜೊತೆ ಕೂತು ಚಾಪೆ ಹೆಣೆಯುತ್ತಿದ್ದಳು. ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಿದ್ದರು.

ಮರುಬೇಸಿಗೆ ಅತ್ತಿಗೆಗೆ ಜ್ವರ ಬಂತು. ಅಣ್ಣ ತಾನೇ ನೀರು ತಂದು, ಕುದಿಸಿ, ಆರಿಸಿ, ಲೋಟ ಲೋಟ ಕುಡಿಸಿದ. ನೀರಿಗೆ ತುಸು ಬಣ್ಣ ತಿರುಗಿತ್ತು. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಎರಡನೆಯ ಹಸಿರು ಬಂದದ್ದು ನಮ್ಮ ಅಜ್ಜಿಯ ಕಾಲದಲ್ಲಿ. ಅದನ್ನು ಕಂಡವರು ಯಾರೂ ಉಳಿದಿರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಆ ವಿಷ ಕುದಿತಕ್ಕೆ ಸಾಯುವುದಿಲ್ಲ. ಪಾಚಿ ಒಡೆದು, ಒಳಗೆ ಅಡಗಿದ್ದದ್ದೂ ನೀರಿಗೆ ಇಳಿಯುತ್ತದೆ. ಜ್ವರ ಬಿಟ್ಟಿತು. ಆದರೆ ಅತ್ತಿಗೆಯ ಕಣ್ಣು ಅರಿಸಿನವಾಯಿತು, ಹೊಟ್ಟೆ ಉಬ್ಬಿತು. "ಇನ್ನೊಂದೀಟು ಕುಡಿ, ಕುದಿಸಿದ ನೀರೈತಿ," ಎಂದು ಅಣ್ಣ ಕೊನೆಯವರೆಗೂ ಅವಳ ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದ. ಅವಳು ತೀರಿಕೊಂಡ ದಿನವೇ ದಂಡೆಯುದ್ದಕ್ಕೂ ಕೆನೆ ಕಟ್ಟಿತು. ಎಮ್ಮೆಗಳು ಬಿದ್ದವು. ಆಗ ಊರಿಗೆಲ್ಲ ತಿಳಿಯಿತು.

ಮಣ್ಣು ಮಾಡಿ ಬಂದ ಜನ ಮನೆಗೆ ಹೋಗಲಿಲ್ಲ. ಸೀದಾ ಬಿಡುನೆಲಕ್ಕೆ ಹತ್ತಿದರು. ಅಣ್ಣ ಮುಂದೆ, ನಾನು ಅವನ ಬೆನ್ನಿಗೆ.

"ನೀವು ನೆಲ ಕೆದರಿದ್ರಿ. ನಿಮ್ಮ ಹೊಲದ ಮಣ್ಣು ನನ್ನ ಹೇಣ್ತೀನ ತಿಂತು," ಎಂದ ಅಣ್ಣ. "ಹೊಂಡ್ರಿ ಇಲ್ಲಿಂದ."

ದೇಯಿಗೆ ಅತ್ತಿಗೆ ಸತ್ತ ಸುದ್ದಿಯೇ ಮುಟ್ಟಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತಳು. ಆಮೇಲೆ ಅಳುತ್ತಲೇ, "ನಾವು ಗೊಬ್ಬರ ಎಂತದ್ದೂ ಹಾಕ್ಲಿಲ್ಲ ಅಣ್ಣಾ. ಗೊಬ್ಬರ ಈಗ ಎಲ್ಲುಂಟು ಹೇಳಿ? ಬರೇ ಬೀಜ ಚೆಲ್ಲಿದ್ದು. ಮಣ್ಣು ಇಳಿಯದ ಹಾಗೆ ಕೆಳಗೆ ಅಗಲಕ್ಕೆ ಹುಲ್ಲು ಸಹ ಬಿಟ್ಟಿದ್ದೇವೆ, ಬಂದು ನೋಡಿ," ಎಂದಳು.

"ನೋಡೂದೇನೈತಿ? ನೀವು ಬರೂಕಿಂತ ಮೊದ್ಲ ನೀರು ಚಲೋ ಇತ್ತು."

ನಾನು ಅವನ ತೋಳು ಹಿಡಿದೆ. "ತಡಿಯೋ ಅಣ್ಣಾ. ಈ ಬಿಸಲಾಗ ಎಲ್ಲಿ ಹೋಗ್ತಾರ? ಮಳಿ ಬಿದ್ದ ಮ್ಯಾಲ ಕುಂತು ಮಾತಾಡೂಣು."

ಅವನು ತೋಳು ಕೊಡವಿಕೊಂಡ. ಊರು ಅವನ ಪರವಾಗಿತ್ತು. ಲೋಕಯ್ಯ ಒಳಗೆ ಹೋದ. ಇದ್ದಷ್ಟು ರಾಗಿ ಗಂಟು ಕಟ್ಟಿ ಹೆಗಲಿಗೇರಿಸಿದ. ಖಾಲಿಯಾದ ಗುಡಿಸಲಿಗೆ, ಯಾಕೋ, ಅಗಳಿ ಹಾಕಿ ಎಳೆದು ನೋಡಿ, ಹೆಂಡತಿಯನ್ನು ಎಬ್ಬಿಸಿಕೊಂಡು ಇಳಿದುಹೋದ.

ಮುಂದಿನ ವರ್ಷ ಮಳೆ ಕೈಕೊಟ್ಟಿತು. ಹಳ್ಳಗಳು ಹರಿಯಲೇ ಇಲ್ಲ. ಬಿಡುನೆಲದಿಂದ ಒಂದು ಹನಿಯೂ ಇಳಿಯಲಿಲ್ಲ. ಜಲಾಶಯ ಕುಗ್ಗಿ ಕುಗ್ಗಿ ಕಪ್ಪು ಕೆಸರಿನ ನಡುವೆ ಕೆರೆಯಷ್ಟಾಯಿತು. ಬೇಸಿಗೆಯ ಗಾಳಿ ಆ ಕೆಸರನ್ನು ಕದಡಿತು. ನೀರು ಹಿಂದಿನ ವರ್ಷಕ್ಕಿಂತ ಗಟ್ಟಿಯಾಗಿ ಹಸಿರಾಯಿತು. ಆ ಎರಡು ಬೇಸಿಗೆಗಳನ್ನು ಸೇರಿಸಿಯೇ ಮೂರನೆಯ ಹಸಿರು ಅನ್ನುತ್ತೇವೆ.

ಮೇಲೆ ಯಾರೂ ಇರಲಿಲ್ಲ. ಯಾರೂ ಉತ್ತಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡದೆ ದೂರದಲ್ಲಿ ಒರತೆ ತೋಡಿ ಬಸಿದ ನೀರು ಕುಡಿದರು. ಅಣ್ಣ ಮಾತ್ರ ಎರಡು ಮಡಕೆ ತಂದು ಅಂಗಳದಲ್ಲಿಟ್ಟ. ತೊಟ್ಟಿಯ ತಳದಲ್ಲಿ ಉಳಿದಿದ್ದ ಮಳೆನೀರನ್ನು ಎರಡಕ್ಕೂ ಸುರಿದ. ಒಂದಕ್ಕೆ ದೇಯಿಯ ಹೊಲದ ಮಣ್ಣು ಹಾಕಿದ, ಇನ್ನೊಂದಕ್ಕೆ ಜಲಾಶಯದ ತಳದ ಕೆಸರು. ಎರಡಕ್ಕೂ ಕೆನೆಯ ಒಂದೊಂದು ಎಳೆ ಬಿಟ್ಟು ಬಿಸಿಲಿಗೆ ಸರಿಸಿ ಕಾಯುತ್ತ ಕೂತ. ಉಣ್ಣಲು ಕರೆದರೂ ಏಳುತ್ತಿರಲಿಲ್ಲ. ಹೊಲದ ಮಣ್ಣಿನ ನೀರು ತಿಳಿಯಾಗಿಯೇ ನಿಂತಿತು. ಕೆಸರಿನ ಮಡಕೆಯಲ್ಲಿ ಆ ಎಳೆ ಹಬ್ಬುತ್ತ ಹೋಗಿ ಬಾಯಿತನಕ ಕಟ್ಟಿತು.

"ಹಿಂದಿನವರು ಸುರುವಿದ ಗೊಬ್ಬರ ಈ ಕೆಸರಾಗ ಇನ್ನೂ ಕರಗಾಕತ್ತೈತಿ, ಫಕೀರಿ," ಎಂದ. "ನಾ ಯಾರನ್ನ ಹೊರಗ ಹಾಕಿದೆ?"

ಮರುದಿನ ಅವನು ಅವರನ್ನು ಹುಡುಕಿಕೊಂಡು ಹೊರಟ. ದಾರಿಯ ಊರೂರಿನಲ್ಲಿ ಕೇಳುತ್ತ, ಕೊನೆಗೆ ಹಳೆಯ ಹೆದ್ದಾರಿಯ ಪಕ್ಕದ ಬಿಡಾರದಲ್ಲಿ ದೇಯಿಯನ್ನು ಕಂಡ. ಅವಳು ಒಬ್ಬಳೇ ಇದ್ದಳು. ಲೋಕಯ್ಯ ನಾವು ಹೊರಹಾಕಿದ ಆ ಬೇಸಿಗೆಯನ್ನೇ ದಾಟಿರಲಿಲ್ಲ; ನೀರು ಸಿಗುವ ಊರಿಗೆ ಇನ್ನು ಸ್ವಲ್ಪವೇ ದಾರಿ ಇದ್ದಾಗ ಬಿದ್ದವನು ಮತ್ತೆ ಏಳಲಿಲ್ಲವಂತೆ. ಅಣ್ಣ ಮಡಕೆಗಳ ವಿಷಯ ಹೇಳಿದ, ಊರಿಗೆ ಬಾ ತಾಯಿ ಎಂದ. ಅವಳು ಕೆಲಸದಿಂದ ಕೈ ತೆಗೆಯಲಿಲ್ಲ. "ನಿಮ್ಮ ಹೆಂಡತಿಗೆ ನಾನು ಅತ್ತಿದ್ದೇನೆ," ಎಂದಳಂತೆ. "ಇವರಿಗೆ ನೀವು ಅತ್ತು ಹೋಗಿ. ಮತ್ತೆ ಬರ್ಬೇಡಿ."

ಇದನ್ನು ಅಣ್ಣ ನನಗೆ ನಿಂತೇ ಹೇಳಿದ. ಅಲ್ಲಿ ತನಗೆ ಅಳು ಬರಲಿಲ್ಲ ಎಂದೂ ಹೇಳಿದ. ಹಿರಿತನ ಬಿಟ್ಟು, ನೀರು ಇಳಿದ ದಿನಗಳಲ್ಲಿ ತಳದ ಕೆಸರು ಅಗೆದು ಬುಟ್ಟಿಯಲ್ಲಿ ಹೊತ್ತು ಅಣೆಕಟ್ಟೆಯ ಕೆಳಗೆ ಹಾಕತೊಡಗಿದ. ಮೊದಲು ಒಬ್ಬನೇ, ಆಮೇಲೆ ನಾವೂ ಸೇರಿಕೊಂಡೆವು. ಅವನು ಈಗಿಲ್ಲ. ಕೆಸರು ಇದೆ. ಪ್ರತಿ ಬೇಸಿಗೆಗೂ ಮೊದಲು ನಾವು ಹೆದರುತ್ತೇವೆ.

ಇಷ್ಟು ಬರೆದದ್ದು ನಿಮ್ಮನ್ನು ಬೈಯುವುದಕ್ಕಲ್ಲ. ನಿಮ್ಮ ಜೀವಮಾನವಿಡೀ ನಿಮ್ಮ ನೀರು ನೀಲಿಯಾಗಿಯೇ ಇರಬಹುದು. ಹಾಗಿದ್ದಾಗ ಈ ಮಾತನ್ನು ನಂಬುವುದು ಕಷ್ಟ. ಆದರೂ ಕೇಳುತ್ತೇನೆ. ನೇಗಿಲನ್ನು, ಶೆಡ್ಡನ್ನು, ಚರಂಡಿಯನ್ನು ನೀರಿನ ಅಂಚಿನಿಂದ ಹಿಂದಕ್ಕೆ ಸರಿಸಿ. ಹಳ್ಳದ ಎರಡೂ ಬದಿಗೆ ಹುಲ್ಲು, ಗಿಡ ಬೆಳೆಯಗೊಡಿ. ನಾವು ಈಗ ಅಗೆಯುತ್ತಿರುವುದು ನಿಮ್ಮ ಕಾಲದ ಪದರವಿರಬೇಕು. ಗೊಬ್ಬರ ಚೀಲದ ಪ್ಲಾಸ್ಟಿಕ್ ಚೂರುಗಳು ಸಲಿಕೆಗೆ ಸಿಗುತ್ತಿವೆ, ಕೆಲವುಗಳ ಮೇಲೆ ಅಕ್ಷರ ಇನ್ನೂ ಅಳಿಸಿಲ್ಲ. ಇವತ್ತು ನೀವು ಒಂದು ಬುಟ್ಟಿ ಕಡಿಮೆ ಸುರಿದರೆ, ಇಲ್ಲಿ ನಮ್ಮಲ್ಲೊಬ್ಬರು ಒಂದು ಬುಟ್ಟಿ ಕಡಿಮೆ ಹೊರುತ್ತಾರೆ.

ಇಂತಿ,
ಫಕೀರವ್ವ