ರಷ್ಯಾದ ಹಬ್ಬದ ಹೋಳಿಗೆ

ಬ್ಯಾಡಗಿ
೨೮ ಅಕ್ಟೋಬರ್ ೨೦೦೭

ಪ್ರೀತಿಯ ಮೈದುನ ನಿಜಲಿಂಗಪ್ಪನಿಗೆ ವೈನಿ ಜಯವ್ವನ ನೆನಪುಗಳು.

ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ಐರಣಿಯ ಹೊಳೆದಂಡೆಯ ಥಂಡಿ ಒಳ್ಳೆಯದಲ್ಲ, ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂಡು. ರೋಹಿಣಿಗೂ ಸ್ವಲ್ಪ ವಿಶ್ರಾಂತಿ ಕೊಡು. ದುಡಿಯುವ ವರ್ಗ ಎಂದು ಭಾಷಣ ಮಾಡುವವರ ಮನೆಯಲ್ಲೇ ಹೆಂಡತಿಗೆ ರಜೆ ಇರುವುದಿಲ್ಲ, ನಾನು ಕಂಡಿದ್ದೇನೆ. ಫೋನು ಮಾಡಿದರೆ "ಹೂಂ ವೈನಿ, ನೋಡೂಣು" ಅಂದು ಇಟ್ಟುಬಿಡುತ್ತೀ, ಅದಕ್ಕೇ ಕಾಗದ. ಕಾಗುಣಿತ ತಪ್ಪಿದ್ದರೆ ನನ್ನನ್ನು ಬೈಯಬೇಡ, ಕಲಿಸಿದವನು ನೀನು.

ಗಣಪತಿ ಹಬ್ಬದ ಮುಂದೆ ನಿಮ್ಮ ಅಣ್ಣನಿಗೆ ಲಕ್ವ ಹೊಡೆಯಿತು. ಹಾವೇರಿಯ ದವಾಖಾನೆಯಲ್ಲಿ ಇಟ್ಟು ಕರೆತಂದೆವು. ಬಲಗೈ ಏಳುವುದಿಲ್ಲ, ಮಾತು ತೊದಲು. ನವೆಂಬರ್ ಏಳಕ್ಕೆ ಹಮಾಲರ ಸಂಘದ ಮುಂದೆ ಕೆಂಬಾವುಟ ಏರಿಸುವವರು ಯಾವಾಗಲೂ ಇವರೇ. ಈ ಸಲ ಆ ಹಗ್ಗ ಎಳೆಯಲು ನೀನು ಬರಬೇಕು. ನೀವಿಬ್ಬರೂ ಮಾತಾಡದೆಯೇ ಒಬ್ಬರು ಹೋಗಿಬಿಟ್ಟರೆ ಉಳಿದವನ ಗತಿ ಏನು ಎಂದು ನನಗೆ ಹೆದರಿಕೆಯಾಗಿದೆ.

ನಾನು ಮದುವೆಯಾಗಿ ಬಂದಾಗ ನೀನು ಹೈಸ್ಕೂಲು ಹುಡುಗ. ಸಂಜೆ ಬೇವಿನ ಮರದ ಕೆಳಗೆ ರಷ್ಯಾದ ಬಣ್ಣದ ಪತ್ರಿಕೆ ಹಿಡಿದು ಹಮಾಲರಿಗೆ ಓದಿ ಹೇಳುತ್ತಿದ್ದೆ. ಕೂಲಿಯವರು ಸೇರಿ ಸರಕಾರ ಹಿಡಿದ ದಿನ ಎಂದು ನೀವು ನವೆಂಬರ್ ಏಳಕ್ಕೆ ಲೆನಿನ್ ಫೋಟೋ ತಂದು ಗೋಡೆಗೆ ಹಾಕಿದಿರಿ. ನಾನು ಯಾರೋ ದೊಡ್ಡ ಶರಣನೆಂದು ತಿಳಿದು ಹಣೆಗೆ ವಿಭೂತಿ ಹಚ್ಚಿ ಹೋಳಿಗೆ ಎಡೆ ಹಿಡಿದೆ. ಇವರು ಹೌಹಾರಿ, "ಏ, ಅಂವ ದೇವರಿಲ್ಲ ಅಂದಾಂವ" ಅಂದರು. "ಅನ್ನಲಿ ಬಿಡ್ರಿ, ಬಡವರಿಗೆ ಛಲೋ ಮಾಡ್ಯಾನಲ್ಲ, ಅಷ್ಟ ಸಾಕು" ಅಂದೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿ, ಹೋಳಿಗೆ ಮಾತ್ರ ಬಿಡಲಿಲ್ಲ. ಮರುವರ್ಷ ಪಕ್ಕದ ಮನೆಯ ಸೈದಾಬಿಯೂ "ರಷ್ಯಾದ ಹಬ್ಬ" ಎಂದು ಶಾವಿಗೆ ಪಾಯಸ ತಂದಳು. ಇವರು ಒಂದು ಕಡೆಯಿಂದ ವಿಭೂತಿ ಒರೆಸುವುದು, ನಾನು ಇನ್ನೊಂದು ಕಡೆಯಿಂದ ಹಚ್ಚುವುದು. ಎಂಥಾ ದಿನಗಳು ಅವು, ಈಗಲೂ ನೆನೆಯುತ್ತೇನೆ.

ಮೆಣಸಿನಕಾಯಿ ತೊಟ್ಟು ಬಿಡಿಸುವ ನಾವು ಹೆಂಗಸರು ಆಗ ದಲಾಲರ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದೆವು. ಘಾಟಿಗೆ ಕಣ್ಣುರಿ, ಕೆಮ್ಮು, ಮೇಲೆ ಬಿಸಿಲು. ನೀವು ಅಣ್ಣತಮ್ಮ ನಮ್ಮನ್ನು ಕಟ್ಟಿಕೊಂಡು ಪೇಟೆಯ ನಡುವೆ ಧರಣಿ ಕುಳಿತ ಮೇಲೆ ಚಪ್ಪರ ಬಂತು, ನೀರಿನ ಹರವಿ ಬಂತು, ಲೋಟ ಬಂತು. ದೂರದ ಯಾವುದೋ ದೇಶದಲ್ಲಿ ಅರಸನನ್ನು ಇಳಿಸಿದ್ದಕ್ಕೆ ಬ್ಯಾಡಗಿಯ ಹೆಂಗಸರು ಲೋಟದಲ್ಲಿ ನೀರು ಕುಡಿದರು. ಮುಂದೆ ಉಳುವವನಿಗೆ ಭೂಮಿ ಬಂದಾಗ ಕುಪ್ಪೇಲೂರಿನ ಭರಮವ್ವ "ನನ್ನ ಹೊಲ" ಎನ್ನಲು ಹೋಗಿ ಅತ್ತಳು. ಆ ದಿನ ನೀನು ಅಲ್ಲಿರಲಿಲ್ಲ, ಇವರ ಪಕ್ಕದಲ್ಲಿ ನಿನ್ನ ಜಾಗ ಖಾಲಿ ಇತ್ತು.

ಆ ಹೊತ್ತಿಗೆ ನಿಮ್ಮ ಕಮ್ಯುನಿಸ್ಟ್ ಪಕ್ಷ ಒಡೆದು ಹತ್ತು ವರ್ಷವಾಗಿತ್ತು. ಇವರು ರಷ್ಯಾ ಅಂದರು, ನೀನು ಚೀನಾ ಅಂದಿ. ಇಬ್ಬರೂ ಹುಬ್ಬಳ್ಳಿ ದಾಟಿದವರಲ್ಲ. ಒಂದೇ ಗಂಗಾಳದಲ್ಲಿ ಉಂಡವರು ರೊಟ್ಟಿ ಆರುವವರೆಗೆ ವಾದ ಮಾಡಿ, ಕಡೆಗೆ ನೀನು ಹಾಸಿಗೆ ಸುತ್ತಿಕೊಂಡು ಐರಣಿಯ ಸೋದರಮಾವನ ಮನೆಗೆ ಹೋದಿ. ಮದುವೆ, ತಿಥಿಗಳಲ್ಲಿ ಎದುರಾದರೂ ಮಾತಿಲ್ಲ. ರಷ್ಯಾದಲ್ಲೇ ಕೆಂಬಾವುಟ ಇಳಿಯಿತೆಂದು ರೇಡಿಯೋದಲ್ಲಿ ಕೇಳಿದ ದಿನ ಇವರು ಉಣ್ಣಲಿಲ್ಲ. ಅವತ್ತು ನೀನೂ ಉಣ್ಣಲಿಲ್ಲವೆಂದು ರೋಹಿಣಿ ಆಮೇಲೆ ಹೇಳಿದಳು. ನನಗೆ ದುಃಖಕ್ಕಿಂತ ಸಿಟ್ಟು ಬಂತು. ಉಪವಾಸ ಬೀಳುವುದಾದರೆ ಒಂದೇ ಮನೆಯಲ್ಲಿ ಬೀಳಬಾರದಿತ್ತೇ?

ಈಗ ಪೇಟೆ ಊರಿನಷ್ಟೇ ದೊಡ್ಡದಾಗಿದೆ. ಸಂಘದ ಹುಡುಗರು ಒಳ್ಳೆಯವರು, ಆದರೆ "ಅಜ್ಜಾರ, ಈ ತಾರೀಖಿಗೆ ಯಾಕ ಬಾವುಟ ಏರಸ್ತೀರಿ?" ಎಂದು ಕೇಳುತ್ತಾರೆ. ಇವರು ಹೇಳುತ್ತಾರೆ, ಅವರು ತಲೆಯಾಡಿಸಿ ಲಾರಿ ಕಡೆಗೆ ಹೋಗುತ್ತಾರೆ.

ರೋಹಿಣಿಯನ್ನೂ ಕರೆದುಕೊಂಡು ಬಾ. ರಾಣೆಬೆನ್ನೂರಿಗೆ ಬಂದರೆ ಮುಂದಿನ ಬಸ್ಸು ಬೇಕಾದಷ್ಟಿವೆ. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ.

ನಿನ್ನ ವೈನಿ,
ಜಯವ್ವ

ತಾ.ಕ.: ಕಾಗದ ಮಡಚುವಾಗ ಇವರು ಕಂಡರು. ಓದು ಅಂದರು, ಓದಿದೆ. ಚೀನಾದ ಮಾತು ಬಂದಾಗ ಎಡಗೈ ಎತ್ತಿ ನಿಲ್ಲಿಸಿ, "ಅಂವಂದು ತಪ್ಪು ಅಂತ ಬರಿ" ಅಂದರು. ಬರೆದಿದ್ದೇನೆ. ಆಮೇಲೆ ತೊದಲುತ್ತ ಇಷ್ಟು ಹೇಳಿದರು: "ಬಾವುಟ ಯಾರರೆ ಏರಸ್ಲಿ. ಅಂವಗ ಜಗಳಾ ಆಡಾಕ ಬಾ ಅನ್ನು. ಈ ಊರಾಗ ನನ್ನ ಕೂಡ ಜಗಳಾ ಆಡಾವ್ರು ಯಾರೂ ಉಳದಿಲ್ಲ."