ವಿದ್ಯಾಳ ನಲವತ್ತು ಮಾತು

೧೨-೩-೯೮, ಗುರುವಾರ. ಕಲ್ಯಾಣ

ಬೆಳಿಗ್ಗೆ ಎರಡು ಟೇಪ್‌ರಿಕಾರ್ಡರ್ ರಿಪೇರಿ. ಖಾಜಾನ ರೇಡಿಯೋ ಇನ್ನೂ ಗೊರಗೊರ. ಊಟವಾದ ಮೇಲೆ ತಂಗಿಯ ಪೆಟ್ಟಿಗೆ ಮುಂದೆ ಕೂತೆ.

ಗಂಟಲ ಆಪರೇಷನ್ನಿಗೆ ಮುಂಚೆ ವಿದ್ಯಾ ತನ್ನ ದನಿಯಲ್ಲಿ ನಲವತ್ತು ಮಾತು ತುಂಬಿಕೊಟ್ಟಳು. ಈಗ ಗಂಟಲಲ್ಲಿ ದನಿಯಿಲ್ಲ. ಕೀಲಿ ಒತ್ತಿದರೆ ಪೆಟ್ಟಿಗೆಯೊಳಗಿನ ಹಳೇ ಕಂಪ್ಯೂಟರ್ ಬೋರ್ಡು ಅವಳ ಪರವಾಗಿ ಮಾತಾಡಬೇಕು. ಮೊದಲು ಪ್ರೋಗ್ರಾಂ ಡಾಸ್‌ನಲ್ಲಿ ಬರೆದಾಗ ಒಂದು ಮಾತು ಮುಗಿಯುವ ತನಕ ಯಂತ್ರ ಇನ್ನೊಂದು ಕೀಲಿಗೆ ಕಿವಿಗೊಡಲಿಲ್ಲ. ಅದಕ್ಕೇ ಯಂತ್ರಕ್ಕೆ ಕೆಲಸ ಹಂಚುವ ಕರ್ನೆಲ್ಲನ್ನೂ ನಾನೇ ಬರೆದೆ. ಪುಸ್ತಕ ನೋಡಿ ನೋಡಿ ಕಲಿತದ್ದು... ಮೂರು ದಿನದಿಂದ ಒಂದೂ ತಪ್ಪಿಲ್ಲ.

೧೫-೩, ರವಿವಾರ. ಹುಮನಾಬಾದ

ಪೆಟ್ಟಿಗೆ ಕೊಟ್ಟೆ. ಮೊದಲಿಗೇ ನಲವತ್ತನೇ ಕೀಲಿ ಒತ್ತಿದಳು. ಕೊನೆಗೆ ತುಂಬಿದ್ದು, ಗಂಡನ ಹೆಸರಿನ ಒಡಪು — "ರೊಟ್ಟಿ ಖಾರಕ್ಕ ಮೊಸರಿನ ಜೋಡ, ಬಸವಣಪ್ಪನವರ ಸಿಟ್ಟಿಗಿ ನನ್ನ ನಗಿ ಜೋಡ."

ಬಸವಣಪ್ಪನವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಭಾವ, ಮದವ್ಯಾಗ ಒಮ್ಮೆ ಹೆಸರು ತಗೊಂಡಿದ್ಳು. ಇಪ್ಪತ್ತಾರು ವರ್ಷದ ಮ್ಯಾಲ ಇದು ಎರಡನೇದು ನೋಡ್ರಿ."

ಮಗಳು ಮನೀಷಾ ಬಿಡಬೇಕಲ್ಲ. "ಮಾಮಾ, ಅಪ್ಪ ಇನ್ ದುಕಾನಕ್ಕ ಹೋಗಂಗಿಲ್ಲ. ಇದನ್ನೇ ಒತ್ಕೋತ ಕೂಡ್ತಾರ!"

ವಿದ್ಯಾ ನಕ್ಕಳು. ದನಿಯಿಲ್ಲದ ನಗೆ. ಹೆಗಲು ಮಾತ್ರ ಅಲುಗುತ್ತದೆ.

೨-೪

ಮನೀಷಾಳ ಫೋನ್. "ಮಾಮಾ, ಒಡಪು ಹೋತು. ಬರೇ ಕರ್ ಅಂತದ. ಅವ್ವ ಹತ್ತ ಸಲ ಒತ್ತಿದ್ಳು."

ಸ್ಪೀಕರ್ ವೈರ್ ಸಡಿಲಾಗಿರಬೇಕು ಅಂದೆ. ಕಾರ್ಡೂ ಬರೆದೆ — ತಂಗಿ, ನಿಧಾನ ಒತ್ತು.

೧೯-೪, ರವಿವಾರ. ಹುಮನಾಬಾದ

ವೈರ್ ಸರಿಯಿದೆ. ಮೂವತ್ತೊಂಬತ್ತನೆಯದೂ ಹೋಗಿದೆ. ಉಳಿದದ್ದು ನಿಧಾನ ಒತ್ತಿದರೆ ಚೊಕ್ಕ.

ಪಕ್ಕದ ಮನೆಯ ಹಜಿರಾ ಬೀ ಬಂದರು. "ಏನ ವಿದ್ಯಾಬಾಯಿ, ಈಗ ಜಗಳಕ್ಕೂ ಮಶೀನ್ ಬೇಕೇನ್ ನಿಮಗ?" ವಿದ್ಯಾ ಬಿಟ್ಟಾಳೆಯೇ — ಬ್ಯಾಡ, ಹೋಗು, ಬಾ, ಚಾ ಕುಡಿ, ಟಪಟಪ ಒತ್ತಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ನೋಡಿದರೆ ಮೂವತ್ತೆಂಟನೆಯದೂ ಕರ್.

ಅವಳು ಖುಷಿಯಾದಾಗಲೇ ಕೆಡುತ್ತಿದೆ. ಪೆಟ್ಟಿಗೆ ವಾಪಸ್ ತಂದೆ. ಬಸ್ಸಿನಲ್ಲಿ ತೊಡೆ ಮೇಲೇ ಇತ್ತು.

೨೪-೪. ಕಲ್ಯಾಣ

ಸಿಕ್ಕಿತು.

ಕೈಯಲ್ಲಿದ್ದ ಕೆಲಸ ಬಿಟ್ಟು ಕೀಲಿ ಕೇಳಲು ಏಳುವಾಗ, ಎಲ್ಲಿಗೆ ಬಿಟ್ಟೆ ಅಂತ ಯಂತ್ರ ಒಂದು ಜಾಗದಲ್ಲಿ ಬರೆದಿಡುತ್ತದೆ. ಅದೇ ಸ್ಟ್ಯಾಕ್. ಮೇಲಿಂದ ಕೆಳಕ್ಕೆ ಬೆಳೆಯುತ್ತದೆ. ಅದಕ್ಕೆ ನಾನು ಕೊಟ್ಟದ್ದು ಒಂದೇ ಕೇಬಿ, ಅಂಗೈಯಗಲ ಜಾಗ. ಅದರ ಕೆಳಗೇ ಅವಳ ದನಿ, ನಲವತ್ತನೆಯದು ಎಲ್ಲಕ್ಕೂ ಹತ್ತಿರ. ಬೇಗ ಬೇಗ ಒತ್ತಿದರೆ ಒಂದು ಕೀಲಿಯ ಕರೆ ಮುಗಿಯುವ ಮುಂಚೆ ಇನ್ನೊಂದು, ಅದರೊಳಗೆ ಮತ್ತೊಂದು... ಜಾಗ ಮುಗಿದರೂ ಬರೆಯುತ್ತಲೇ ಹೋಗಿದೆ. ಅವಳ ಮಾತಿನ ಮೇಲೆ.

ಖಚಿತಕ್ಕೆ ಸ್ಟ್ಯಾಕ್ ತುಂಬ ಒಂದೇ ಗುರುತು ತುಂಬಿ, ಟಪಟಪ ಒತ್ತಿ ನೋಡಿದೆ. ತಳದವರೆಗೆ ಒಂದು ಗುರುತೂ ಉಳಿದಿರಲಿಲ್ಲ. ಈ ಪರೀಕ್ಷೆಗೇ ಇನ್ನೂ ಆರು ಮಾತು ಹೋದವು. ಮೊದಲು ಅವಳ ಮಾತು ತುಂಬಿದ ಫ್ಲಾಪಿ ತೆಗೆದು ಪಕ್ಕಕ್ಕಿಡಬೇಕು ಅಂತ ಹೊಳೆಯಲೇ ಇಲ್ಲ.

ಇಲ್ಲಿ ನಾನು ಒಂದೊಂದೇ ಒತ್ತಿ, ಪೂರಾ ಕೇಳಿ, ತಲೆದೂಗಿ ಪರೀಕ್ಷೆ ಮಾಡಿದ್ದೆ. ಮನುಷ್ಯರು ಹಾಗೆ ಮಾತಾಡುತ್ತಾರೆಯೇ?

೨೫-೪

ಫ್ಲಾಪಿ ಒಂದೇ. ಸ್ವಿಚ್ ಆರಿಸಿದಾಗಲೆಲ್ಲ ನೆನಪನ್ನೆಲ್ಲ ಅದರ ಮೇಲೆ ಬರೆಯುವಂತೆ ನಾನೇ ಮಾಡಿದ್ದು — ಒಂದು ಮಾತೂ ಕಳೆಯಬಾರದು ಅಂತ. ಕೆಟ್ಟದ್ದನ್ನೂ ಒಳ್ಳೆಯದರ ಮೇಲೆ ಬರೆದಿದೆ. ಕ್ಯಾಸೆಟ್‌ನಲ್ಲಿ ಸುಯ್ ಅನ್ನುತ್ತದೆ ಅಂತ ನೇರ ಪೆಟ್ಟಿಗೆಗೇ ತುಂಬಿದ್ದೆ.

ಒಂಬತ್ತು ಮಾತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

೧೭-೫

ಉಳಿದ ಮೂವತ್ತೊಂದಕ್ಕೆ ಮೂರು ಫ್ಲಾಪಿ. ಸ್ಟ್ಯಾಕ್ ತಳದಲ್ಲಿ ಒಂದು ಕಾವಲು ಗುರುತು ಇಟ್ಟೆ. ಕೆಲಸ ಬದಲಿಸುವಾಗೆಲ್ಲ ಕರ್ನೆಲ್ ಅದನ್ನು ನೋಡುತ್ತದೆ. ಬದಲಾಗಿದ್ದರೆ ಅಲ್ಲೇ ನಿಂತು ಕೆಂಪು ದೀಪ. ಐದು ಸಾಲಿನ ಕೆಲಸ. ಮಾರ್ಚಿನಲ್ಲೇ ಬರೆಯಬಹುದಿತ್ತು.

ಹಾಳಾದ ಜಾಗವನ್ನು ಸ್ಟ್ಯಾಕ್‌ಗೇ ಕೊಟ್ಟರೆ ನಿಲ್ಲುವ ಪ್ರಸಂಗವೇ ಬರದು. ಒಡಪಿದ್ದ ಜಾಗ. ಕೈ ಬರಲಿಲ್ಲ.

ವಿದ್ಯಾಗೆ ಬರೆದ ಪತ್ರ ಎರಡು ಸಲ ಹರಿದೆ. ಎದುರಿಗೇ ಹೇಳಬೇಕು.

೩೧-೫, ರವಿವಾರ. ಹುಮನಾಬಾದ

ಹೇಳಿದೆ. ಸ್ಪೀಕರ್ ಅಲ್ಲ ತಂಗಿ, ನಿನ್ನದೂ ತಪ್ಪಲ್ಲ, ನನ್ನದು.

ಬಸವಣಪ್ಪನವರು ಎದ್ದು ಅಂಗಳಕ್ಕೆ ಹೋದರು. ಅಲ್ಲಿಂದಲೇ, "ಇರ್ಲಿ ಬಿಡ್ರಿ ಭಾವ. ಎರಡ ಸಲ ಕೇಳೀನಲ್ಲ." ಒಳಗೆ ಬರಲಿಲ್ಲ.

ಸುಮ್ಮನಿರಲು ಆಗಲಿಲ್ಲ ನನಗೆ. ಹೋದ ಒಂಬತ್ತನ್ನು ಮನೀಷಾಳ ದನಿಯಲ್ಲಿ ತುಂಬೋಣ, ಥೇಟ್ ನಿನ್ನ ಹಾಗೇ ಇದೆ ಅಂದೆ. ಮನೀಷಾ, "ಮಾಮಾ, ಸುಮ್ನಿರ್ರಿ," ಅಂದಳು.

ವಿದ್ಯಾ ಪೆಟ್ಟಿಗೆ ಎಳೆದುಕೊಂಡಳು. "ಬ್ಯಾಡ." ಅವಳದೇ ದನಿ, ಆಪರೇಷನ್ ಹಿಂದಿನ ದಿನದ್ದು. ಮತ್ತೆ ಒತ್ತಿದಳು. ಬ್ಯಾಡ. ಬ್ಯಾಡಬ್ಯಾಡ. ಕಣ್ಣು ನನ್ನ ಮೇಲೇ, ಬೆರಳು ನಿಲ್ಲಲೇ ಇಲ್ಲ. ಬ್ಯಾಡಬ್ಯಾ —

ಕೆಂಪು ದೀಪ. ಕಾವಲು ಹಿಡಿಯಿತು. ಒಂದು ಮಾತೂ ಹೋಗಲಿಲ್ಲ.

ಅವಳು ಇನ್ನೂ ಒತ್ತುತ್ತಲೇ ಇದ್ದಳು. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಮಾತು ಬರುತ್ತಿತ್ತು. ನನ್ನ ಕೈ ಸ್ವಿಚ್ಚಿನ ಹತ್ತಿರವೇ ಇತ್ತು, ಆದರೆ ಅವಳ ಬೆರಳು ತಾನಾಗಿ ನಿಲ್ಲುವವರೆಗೆ ಅದನ್ನು ಮುಟ್ಟಲಿಲ್ಲ.